ಮಲೆನಾಡಿನ ಹಳೆಯ ಮನೆ: ಬೆಳೆದ ಬಗೆ, ಬದಲಾದ ಬಗೆ

ಚರಿತ್ರೆ ಎಂದೊಡನೆ ನಿಮ್ಮ ಕಣ್ಣೆದುರು ಬರುವುದು ಬಹುಶಃ ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿಯ ರಾಮೇಶ್ವರ, ನಗರದ ಕೋಟೆ, ಕವಲೇದುರ್ಗದ ಬೆಟ್ಟ. ಶಾಲೆಯ ಪ್ರವಾಸದಲ್ಲಿ ನೀವು ಇವುಗಳಲ್ಲಿ ಒಂದೆರಡನ್ನಾದರೂ ನೋಡಿರುತ್ತೀರಿ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇನ್ನೊಂದು ಬಗೆಯ ದಾಖಲೆ ಉಂಟು. ಅದಕ್ಕೆ ಕಾವಲುಗಾರನಿಲ್ಲ, ನೀಲಿ ಫಲಕವಿಲ್ಲ. ಅದರೊಳಗೆ ಇಂದಿಗೂ ಒಲೆ ಉರಿಯುತ್ತದೆ, ಮಕ್ಕಳು ಓದುತ್ತಾರೆ, ಅಡಿಕೆ ಸುಲಿಯುತ್ತಾರೆ. ಅದೇ ನಮ್ಮ ಹಳೆಯ ಮನೆ. ನಿಮ್ಮಲ್ಲಿ ಕೆಲವರು ಈಗಲೂ ಅಂಥ ಮನೆಯಲ್ಲಿದ್ದೀರಿ. ಇನ್ನು ಕೆಲವರಿಗೆ ಅದು ರಜೆಯಲ್ಲಿ ಹೋಗುವ ಅಜ್ಜನ ಮನೆ.

ಕಲ್ಲಿನ ಶಾಸನಕ್ಕೂ ಮನೆಗೂ ಒಂದು ವ್ಯತ್ಯಾಸವಿದೆ. ಶಾಸನವನ್ನು ಒಮ್ಮೆ ಕೊರೆದರೆ ಮುಗಿಯಿತು. ಮನೆಯನ್ನು ಪ್ರತಿ ತಲೆಮಾರೂ ತಿದ್ದಿ ಬರೆಯುತ್ತದೆ. ಒಬ್ಬರು ಜಗಲಿ ಸೇರಿಸುತ್ತಾರೆ, ಮತ್ತೊಬ್ಬರು ಮಹಡಿ ಏರಿಸುತ್ತಾರೆ, ಮಗದೊಬ್ಬರು ನಡುವೆ ಗೋಡೆ ಎಬ್ಬಿಸುತ್ತಾರೆ. ಹಾಗಾಗಿ ಹಳೆಯ ಮನೆಯ ದುರಸ್ತಿ ಅಥವಾ ವಿಸ್ತರಣೆ ಹೊಸ ಸಂಗತಿಯೇನಲ್ಲ. ಆ ಮನೆಯ ಚರಿತ್ರೆಯೇ ದುರಸ್ತಿಗಳ ಚರಿತ್ರೆ. ಹಿಂದಿನವರು ಹಳೆಯದರ ಮೇಲೆ ಹೊಸದನ್ನು ಬರೆದರು. ಇಂದು ನಾವು ಹಲವೆಡೆ ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಬರೆಯುತ್ತಿದ್ದೇವೆ. ಏನನ್ನು ಅಳಿಸುತ್ತಿದ್ದೇವೆ ಎಂಬುದಾದರೂ ನಮಗೆ ಗೊತ್ತಿರಬೇಕಲ್ಲವೆ? ಈ ಲೇಖನದಲ್ಲಿ ಅದನ್ನೇ ವಿಚಾರ ಮಾಡೋಣ.

ಮಳೆ ಕಟ್ಟಿಸಿದ ಮನೆ

ಮಲೆನಾಡಿನ ಮನೆಯ ಮೊದಲ ಶಿಲ್ಪಿ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಅದೇ ಸಾಲಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ನೀರು ತಾಗದಂತೆ ನೋಡಿಕೊಳ್ಳುವುದೇ ಇಲ್ಲಿನ ಮನೆಗಾರಿಕೆಯ ದೊಡ್ಡ ಕೆಲಸ. ಆದ್ದರಿಂದಲೇ ಮಾಡು ಕಡಿದಾಗಿ ಇಳಿಯುತ್ತದೆ. ಸೂರು ಗೋಡೆಯನ್ನು ದಾಟಿ ಮುಂದೆ ಚಾಚುತ್ತದೆ. ನೆಲಗಟ್ಟು ಅಂಗಳಕ್ಕಿಂತ ಎತ್ತರದಲ್ಲಿರುತ್ತದೆ. ಮಳೆಗಾಲ ಬಂತೆಂದರೆ ಗಾಳಿ ಬೀಸುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು.

ಎರಡನೆಯ ಶಿಲ್ಪಿ ಕಾಡು. ಹಲಸು, ಹೆಬ್ಬಲಸು, ಬೋಗಿ, ಮತ್ತಿ, ಹೊನ್ನೆ, ನಂದಿ, ಸಾಗುವಾನಿ, ಬೀಟೆ ಇವೆಲ್ಲ ಇಲ್ಲಿನ ಮನೆಗಳಲ್ಲಿ ಕಂಬ, ತೊಲೆ, ಬಾಗಿಲುಗಳಾಗಿ ನಿಂತಿವೆ. ಯಾವ ಮರ ಯಾವುದಕ್ಕೆ ಎಂಬುದು ಬಡಗಿಗೆ ಗೊತ್ತಿತ್ತು. ನೀರಿಗೆ, ಗೆದ್ದಲಿಗೆ ಜಗ್ಗದ ಗಟ್ಟಿ ಮರ ತೊಲೆಗೆ. ಕೆತ್ತನೆಗೆ ಒಗ್ಗುವ ಮರ ಬಾಗಿಲವಾಡಕ್ಕೆ.

ಇಲ್ಲಿ ಒಂದು ಸಂಗತಿಯನ್ನು ನೀವು ನೆನಪಿಡಬೇಕು. ಹಳೆಯ ಮನೆಯ ಭಾರವನ್ನು ಬಹುಮಟ್ಟಿಗೆ ಹೊರುವುದು ಮರದ ಕಟ್ಟು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮುಚ್ಚಿಗೆ. ಇವನ್ನು ಒಂದರೊಳಗೊಂದು ಕೂರಿಸಿ ಮರದ ಬೆಣೆ ಹೊಡೆದು ಬಿಗಿ ಮಾಡುತ್ತಿದ್ದರು. ಕಬ್ಬಿಣದ ಮೊಳೆಯ ಬಳಕೆ ಕಡಿಮೆ. ಇದರ ಫಲವೇನು? ಬೆಣೆ ತೆಗೆದರೆ ಮನೆಯನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಬೇರೆಡೆ ಜೋಡಿಸಬಹುದು. ಹಾಳಾದ ಒಂದು ಕಂಬವನ್ನಷ್ಟೇ ಬದಲಿಸಬಹುದು. ಇಲ್ಲಿನ ಮನೆ ಕಟ್ಟುವಾಗಲೇ ದುರಸ್ತಿಗೆ ಅವಕಾಶ ಇಟ್ಟುಕೊಂಡ ಮನೆ. ಈ ಗುಣದಿಂದ ಮುಂದೆ ಒಂದು ದೊಡ್ಡ ಸಂಕಟದ ಕಾಲದಲ್ಲಿ ಉಪಕಾರವಾಯಿತು. ಅದನ್ನು ಆಮೇಲೆ ನೋಡೋಣ.

ಕೆಳದಿ ಅರಸರ ಕಾಲ

ಈ ಮೂರೂ ತಾಲ್ಲೂಕುಗಳು ಕೆಳದಿ ನಾಯಕರ ಸೀಮೆಗೆ ಸೇರಿದ್ದವು. 1500ರ ಸುಮಾರಿಗೆ ಕೆಳದಿಯಲ್ಲಿ ಮೊದಲಾದ ಈ ಮನೆತನ ರಾಜಧಾನಿಯನ್ನು ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಒಯ್ದಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರ ಎಂದು ಹೆಸರಿಟ್ಟ. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ.

ಆ ಕಾಲದ ಸಾಮಾನ್ಯರ ಮನೆಗಳು ನಮಗೆ ಉಳಿದಿಲ್ಲ. ಮಣ್ಣು, ಬಿದಿರು, ಹುಲ್ಲು ಮಳೆಗೆ ಎಷ್ಟು ಕಾಲ ನಿಂತಾವು? ಆದರೆ ಸುಳಿವುಗಳು ಇವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನ ಆಸ್ಥಾನವಿದ್ದ ಇಕ್ಕೇರಿಗೆ ಬಂದ. ಊರು ವಿಸ್ತಾರವಾಗಿದ್ದರೂ ಮನೆಗಳು ದೂರದೂರ ಇವೆ, ಕಟ್ಟಡಗಳು ಅಷ್ಟೇನೂ ಗಟ್ಟಿಯಲ್ಲ ಎಂಬುದು ಅವನ ಅಭಿಪ್ರಾಯವಾಗಿತ್ತು. ಆದರೆ ಸಗಣಿ ಸಾರಿಸಿದ ನೆಲದ ನುಣುಪು, ಅಚ್ಚುಕಟ್ಟು ಅವನಿಗೆ ಬಹಳ ಹಿಡಿಸಿತು. ಇಟಲಿಗೆ ಮರಳಿದ ಮೇಲೆ ತಾನೂ ಅದನ್ನು ಮಾಡಿ ನೋಡಬೇಕೆಂದು ಬರೆದುಕೊಂಡ. ನಮ್ಮ ಅಜ್ಜಿಯರು ದಿನವೂ ಮಾಡುತ್ತಿದ್ದ ಕೆಲಸವನ್ನು ದೂರದಿಂದ ಬಂದವನೊಬ್ಬ ಒಂದು ವಿದ್ಯೆಯೆಂದು ಗುರುತಿಸಿದ್ದನ್ನು ಗಮನಿಸಿ.

ಇನ್ನೊಂದು ಸುಳಿವು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದಲ್ಲಿದೆ. ಬೆಟ್ಟದ ಮೇಲಿನ ಅರಮನೆಯ ಗೋಡೆ, ಮಾಡು ಬಿದ್ದುಹೋಗಿವೆ. ನೆಲಗಟ್ಟು ಮಾತ್ರ ಉಳಿದಿದೆ. ಕಂಬಗಳಿದ್ದ ಮೊಗಸಾಲೆ, ಒಳಕೋಣೆಗಳು, ದೇವರ ಕೋಣೆ, ಕಲ್ಲಿನ ಕಟ್ಟೆಯ ಅಡುಗೆಮನೆ, ಕಲ್ಲು ಹಾಸಿದ ಬಚ್ಚಲು, ನೀರು ಹರಿದುಹೋಗುವ ಕಾಲುವೆ ಇವುಗಳ ನೆಲೆಗಳನ್ನು ಅಲ್ಲಿ ಕಾಣಬಹುದು. ಈಗ ನಿಮ್ಮೂರಿನ ಒಂದು ದೊಡ್ಡ ಮನೆಯನ್ನು ನೆನೆಯಿರಿ: ಹೆಬ್ಬಾಗಿಲು, ಜಗಲಿ, ಚೌಕಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು, ಹಿತ್ತಿಲು. ಎರಡರ ನಡುವೆ ಹೋಲಿಕೆ ಕಾಣುವುದಿಲ್ಲವೆ? ಅರಮನೆಯನ್ನು ನೋಡಿ ಮನೆ ಕಟ್ಟಿದರೋ, ಮನೆಯನ್ನೇ ಹಿಗ್ಗಿಸಿ ಅರಮನೆ ಮಾಡಿದರೋ, ಒಂದೇ ನೆಲದ ತಿಳಿವಳಿಕೆ ಎರಡರಲ್ಲೂ ಕೆಲಸ ಮಾಡಿದೆ.

ಸೋಗೆಯಿಂದ ಹೆಂಚಿಗೆ

ಬಹುಕಾಲ ಇಲ್ಲಿನ ಹೆಚ್ಚಿನ ಮನೆಗಳಿಗೆ ಹುಲ್ಲಿನ ಅಥವಾ ಅಡಿಕೆ ಸೋಗೆಯ ಹೊದಿಕೆ. ಪ್ರತಿ ವರ್ಷ ಹೊಸ ಹೊದಿಕೆ ಹೊದೆಸಬೇಕು. ಬೆಂಕಿಯ ಭಯ ಸದಾ ಇತ್ತು. ಅನುಕೂಲವಿದ್ದವರು ಕುಂಬಾರರು ಮಾಡುತ್ತಿದ್ದ ನಾಡಹೆಂಚನ್ನು ಬಳಸಿದರು. ನಾಡಹೆಂಚು ಹಗುರ, ಆದರೆ ಬೇಗ ಒಡೆಯುತ್ತದೆ; ಮಂಗ ಹಾರಿದರೂ ಜರುಗುತ್ತದೆ.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾಯಿತು. ನೇತ್ರಾವತಿಯ ದಡದ ಜೇಡಿಮಣ್ಣನ್ನು ಯಂತ್ರದಲ್ಲಿ ಅಚ್ಚೊತ್ತಿ ಸುಟ್ಟ ಈ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ಮುಂದೆ ಕರಾವಳಿಯಲ್ಲಿ ಇಂಥ ಹಲವು ಕಾರ್ಖಾನೆಗಳು ಎದ್ದವು. ಘಟ್ಟದ ದಾರಿಗಳಲ್ಲಿ ಗಾಡಿಯ ಮೇಲೆ ಈ ‘ಮಂಗಳೂರು ಹೆಂಚು’ ಮಲೆನಾಡಿಗೆ ಏರಿ ಬಂತು.

ಹೆಂಚು ಬದಲಾದರೆ ಮಾಡಿನ ಕಟ್ಟೂ ಬದಲಾಗಬೇಕು. ಸೋಗೆಗೆ ಬಿದಿರು, ಅಡಿಕೆ ದಬ್ಬೆ ಸಾಕಿತ್ತು. ಒಂದೊಂದೂ 2ರಿಂದ 3 ಕಿಲೋ ತೂಗುವ ಮಂಗಳೂರು ಹೆಂಚಿಗೆ ಗಟ್ಟಿ ಪಕಾಸು ಬೇಕು, ಅದರ ಮೇಲೆ ಅಳತೆ ತಪ್ಪದ ರೀಪು ಬೇಕು. ಹೆಂಚು ಹೊದೆಸಬೇಕೆಂದಾಗ ಮನೆಯವರು ಮೇಲಿನ ಅರ್ಧ ಮನೆಯನ್ನೇ ಹೊಸದಾಗಿ ಮಾಡಬೇಕಾಯಿತು. ಮಾಡು ತೆರೆದದ್ದೇ ಆಯಿತು, ಒಂದು ಮಹಡಿಯನ್ನೂ ಏರಿಸೋಣ ಎಂದವರು ಉಂಟು. ಉಪ್ಪರಿಗೆಯ ಮರ ಕೆಳಗಿನ ಮರಕ್ಕಿಂತ ಬೇರೆ ಬಣ್ಣ, ಬೇರೆ ಕೆತ್ತನೆಯದಾಗಿದ್ದರೆ ಇಂಥ ಘಟ್ಟವೊಂದು ಆ ಮನೆಯಲ್ಲಿ ನಡೆದಿರಬಹುದು. ಹೆಂಚನ್ನು ಇಳಿಸಿದಾಗ ಅದರ ಕೆಳಮೈ ನೋಡಿ. ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿ, ಅಚ್ಚಿನಲ್ಲಿ ಉಬ್ಬಿ ನಿಂತಿರುತ್ತದೆ. ಮಾಡಿನ ಕಾಲವನ್ನು ತಿಳಿಯಲು ಅದಕ್ಕಿಂತ ಸುಲಭದ ಸಾಕ್ಷಿ ಇಲ್ಲ.

1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಮುಂದೆ ಅಲ್ಲಿಯೇ ಸಿಮೆಂಟೂ ತಯಾರಾಯಿತು. ಮೊಳೆ, ಸರಳು, ಸಿಮೆಂಟು ಜಿಲ್ಲೆಯೊಳಗೇ ಸಿಕ್ಕತೊಡಗಿದಂತೆ ಮರದ ಬೆಣೆಯ ವಿದ್ಯೆ ಹಿಂದೆ ಸರಿಯಿತು. ಕಿಟಕಿಗೆ ಮರದ ಸರಳಿನ ಬದಲು ಕಬ್ಬಿಣದ ಸರಳು ಬಂತು. ಸಗಣಿಯ ನೆಲದ ಜಾಗದಲ್ಲಿ ಕೆಂಪು ಸಿಮೆಂಟಿನ ನೆಲ ಬಂತು.

ರೋಗವೂ ಮನೆಯನ್ನು ಬದಲಿಸಿತು. 20ನೆಯ ಶತಮಾನದ ಮೊದಲರ್ಧದಲ್ಲಿ ಮಲೇರಿಯ ಮಲೆನಾಡನ್ನು ಬಹಳ ಕಾಡಿತು. ಹೊಸದಾಗಿ ಕಟ್ಟುವುದಿರಲಿ, ಇದ್ದ ಮನೆಗಳೇ ಹಾಳುಬಿದ್ದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕೆಲಸ ಮೊದಲಾಗಿ ರೋಗ ಹಿಡಿತಕ್ಕೆ ಬಂತು. ಉಳಿದ ಮಕ್ಕಳು ಹೆಚ್ಚಿದರು, ಕೋಣೆಗಳೂ ಹೆಚ್ಚಿದವು.

ಕಣಜ ತುಂಬಿದ ಮನೆ, ಸೋಗೆ ಸೋರುವ ಮನೆ

ಇಲ್ಲಿಯವರೆಗೆ ನಾವು ನೋಡಿದ್ದು ಹೆಚ್ಚಾಗಿ ದೊಡ್ಡ ಮನೆಗಳನ್ನು. ಆದರೆ ದೊಡ್ಡ ಮನೆ ದೊಡ್ಡದಾದದ್ದು ಹೇಗೆ ಎಂದು ಕೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ದೊಡ್ಡ ಮನೆಯಲ್ಲಿ ಕಣಜವಿತ್ತು. ಆ ಕಣಜಕ್ಕೆ ಬರುತ್ತಿದ್ದ ಭತ್ತದಲ್ಲಿ ಬಹುಪಾಲು ಗೇಣಿಯ ಭತ್ತ. ಅದನ್ನು ಬೆಳೆದವನ ಮನೆ ಮಾತ್ರ ಮಣ್ಣಿನ ಗೋಡೆ, ಸೋಗೆಯ ಮಾಡಿನದಾಗಿಯೇ ಉಳಿದಿತ್ತು. ದೊಡ್ಡ ಮನೆಗೆ ಬಂದರೆ ಅವನು ಎಲ್ಲಿ ನಿಲ್ಲಬೇಕು, ಎಲ್ಲಿಂದ ಆಚೆ ಬರಕೂಡದು ಎಂಬುದನ್ನೂ ಆ ಮನೆಯ ಅಂಗಳ, ಜಗಲಿಗಳೇ ಗೊತ್ತುಮಾಡಿದ್ದವು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ ಅಲ್ಲಿನ ಮುಖ್ಯ ವ್ಯಾಜ್ಯಗಳಲ್ಲಿ ಒಂದು. ಎಚ್. ಗಣಪತಿಯಪ್ಪ ಮುಂದಾಳಾಗಿದ್ದ ಈ ಹೋರಾಟಕ್ಕೆ ಸಮಾಜವಾದಿಗಳ ಬೆಂಬಲ ದೊರೆಯಿತು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಇದರಲ್ಲಿ ದುಡಿದರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು. ಉಳುವವರು ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಹಕ್ಕನ್ನು ಸಾಧಿಸಿಕೊಂಡರು.

ಇದರ ಗುರುತು ಎರಡು ಬಗೆಯ ಮನೆಗಳ ಮೇಲೂ ಬಿತ್ತು. ದೊಡ್ಡ ಮನೆಯ ಕಣಜ ಬರಿದಾಯಿತು. ಅದು ಹಳೆಯ ಸಾಮಾನು ತುಂಬುವ ಕೋಣೆಯಾಯಿತು, ಇಲ್ಲವೆ ಓದುವ ಹುಡುಗರ ಕೋಣೆಯಾಯಿತು. ಆಳುಗಳಿಲ್ಲದೆ ಅಷ್ಟು ದೊಡ್ಡ ಮನೆಯನ್ನು ಸಾರಿಸಿ, ಹೆಂಚು ಕೈಯಾಡಿಸಿ ಇಟ್ಟುಕೊಳ್ಳುವುದು ಕಷ್ಟವಾಯಿತು. ಅದೇ ಹೊತ್ತಿಗೆ ಗೇಣಿದಾರನ ಮನೆಯ ಸೋಗೆ ಇಳಿಯಿತು, ಹೆಂಚು ಏರಿತು. ಒಂದು ಜಗಲಿ, ಒಂದು ಕೋಣೆ ಹೊಸದಾಗಿ ಸೇರಿತು. ಒಂದು ಮನೆ ಕುಗ್ಗಿದ್ದು, ಇನ್ನೊಂದು ಬೆಳೆದದ್ದು ಒಂದೇ ಕಥೆಯ ಎರಡು ಪುಟಗಳು. ಹಳೆಯ ಮನೆಯನ್ನು ಉಳಿಸಬೇಕು ಎನ್ನುವಾಗ ನಾವು ಹೆಬ್ಬಾಗಿಲಿನ ಕೆತ್ತನೆಯನ್ನಷ್ಟೇ ನೆನೆಯುತ್ತೇವೆ. 1970ರ ದಶಕದ ಕೊನೆಗೆ ಮೊದಲ ಸಲ ಹೆಂಚು ಕಂಡ ಪುಟ್ಟ ಮನೆಯೂ ಅಷ್ಟೇ ಬೆಲೆಯ ದಾಖಲೆ.

ಹೊತ್ತು ತಂದ ಮನೆಗಳು

ಬೆಣೆ ತೆಗೆದರೆ ಮನೆಯನ್ನು ಬಿಚ್ಚಬಹುದು ಎಂದು ಹೇಳಿದ್ದೆನಲ್ಲ, ಈಗ ಅದಕ್ಕೆ ಬರೋಣ. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಶರಾವತಿಗೆ ಹಿರೇಭಾಸ್ಕರದಲ್ಲಿ ಅಣೆಕಟ್ಟು ಬಂತು. ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಇದರ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಸಂಗ್ರಹ ಸುಮಾರು 151 ಟಿ.ಎಂ.ಸಿ. ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಊರುಗಳು ನೀರಿನಡಿ ಸೇರಿದವು. ಹಿರೇಭಾಸ್ಕರದ ಹಳೆಯ ಅಣೆಕಟ್ಟೂ ಮುಳುಗಿತು. ಮುಂದೆ 1980ರ ದಶಕದಲ್ಲಿ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟು, ಚಕ್ರಾ, ಸಾವೇಹಕ್ಕಲು ಜಲಾಶಯಗಳು ಹೊಸನಗರ ತಾಲ್ಲೂಕಿನ ಇನ್ನಷ್ಟು ನೆಲವನ್ನು ತೆಗೆದುಕೊಂಡವು.

ನೀರು ಏರುವ ಮುನ್ನ ಜನ ಏನು ಮಾಡಿದರು? ಮನೆಗಳನ್ನು ಬಿಚ್ಚಿದರು. ಹೆಂಚನ್ನು ಒಂದೊಂದಾಗಿ ಇಳಿಸಿದರು. ಕಂಬ, ತೊಲೆ, ಬಾಗಿಲು, ಕಿಟಕಿ, ಬೀಸುವ ಕಲ್ಲು, ಒರಳು ಇವನ್ನು ಗಾಡಿಗೆ, ಲಾರಿಗೆ ಹೇರಿ ಹೊಸ ಜಾಗಕ್ಕೆ ಸಾಗಿಸಿದರು. ಅಲ್ಲಿ ಜಮೀನು ಚಿಕ್ಕದು, ಕೈಯಲ್ಲಿದ್ದ ಪರಿಹಾರ ಸಾಲದು. ನಾಲ್ಕು ಅಂಕಣದ ಮನೆಯ ಮರದಿಂದ ಎರಡು ಅಂಕಣದ ಮನೆ ಎದ್ದಿತು. ಆದ್ದರಿಂದ ಮುಳುಗಡೆಯಾದವರು ನೆಲೆಸಿದ ಊರುಗಳಲ್ಲಿ ನೀವು ವಿಚಿತ್ರವೊಂದನ್ನು ಕಾಣಬಹುದು. ಮನೆ ಚಿಕ್ಕದು, ಬಾಗಿಲು ಮಾತ್ರ ಭಾರೀ. ಮಾಡು ತಗ್ಗು, ಕಂಬ ದಪ್ಪ. ಕಂಬದಲ್ಲಿ ಯಾವ ತೊಲೆಯೂ ಕೂರದ ಖಾಲಿ ತೂತುಗಳು. ಆ ತೂತುಗಳು ಈಗ ಇಲ್ಲದ ಒಂದು ಊರಿನ ಅಳತೆಯನ್ನು ಹೇಳುತ್ತವೆ. ಸಾಗರದಲ್ಲಿದ್ದು ಬರೆದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ಜನರ ಪಾಡನ್ನು ಕನ್ನಡಕ್ಕೆ ತಂದರು. ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿ 2002ರಲ್ಲಿ ಚಲನಚಿತ್ರ ಮಾಡಿದರು.

ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯ ಜನರಿಗೆ ಇನ್ನೊಂದು ತೊಡಕು. ಅಲ್ಲಿ ಮನೆ ದುರಸ್ತಿಗೆ ಬೇಕಾದ ಮರಳು, ಸಿಮೆಂಟು, ಹೆಂಚು ಲಾಂಚಿನ ಮೇಲೆ ಬರಬೇಕಾಗಿತ್ತು, ಇಲ್ಲವೆ ಬಹಳ ಸುತ್ತಿ ಬರಬೇಕಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಇನ್ನು ಆ ದಡದ ಮನೆಗಳೂ ಬೇಗ ಬದಲಾಗುತ್ತವೆ. ಅವನ್ನು ನೋಡಿ ಬರೆದಿಡಬೇಕಾದರೆ ಇದೇ ಸಮಯ.

ಪಾಲಿನ ಗೋಡೆ

ಹಳೆಯ ಮನೆಯಲ್ಲಿ ನಡುಮನೆಯನ್ನು ಸೀಳಿಕೊಂಡು ಹೋಗುವ ಗೋಡೆಯೊಂದು ಇದ್ದರೆ ಅದನ್ನು ಗಮನವಿಟ್ಟು ನೋಡಿ. ಅದರ ಇಟ್ಟಿಗೆ ಬೇರೆ, ದಪ್ಪ ಬೇರೆ; ಅದು ಬಂದು ನಿಂತ ಜಾಗದಲ್ಲಿ ಮುಚ್ಚಿಗೆಯ ಕೆತ್ತನೆ ಅರ್ಧಕ್ಕೆ ತುಂಡಾಗಿರುತ್ತದೆ. ಅದು ಪಾಲಿನ ಗೋಡೆ. ಆ ಗೋಡೆಯ ಎರಡು ಬದಿಗೆ ಎರಡು ಒಲೆ, ಎರಡು ಬಚ್ಚಲು. ಬಾವಿ ಮಾತ್ರ ಒಂದೇ. ಅಣ್ಣ ತಮ್ಮಂದಿರು ಬೇರೆಯಾದರೂ ದೇವರ ಕೋಣೆಯನ್ನು ಪಾಲು ಮಾಡದೆ ಸರದಿಯಲ್ಲಿ ಪೂಜೆ ಇಟ್ಟುಕೊಂಡ ಮನೆಗಳೂ ಇವೆ.

ಈ ಪಾಲಿನಲ್ಲಿ ಹೆಣ್ಣುಮಕ್ಕಳಿಗೆ ಬಹುಕಾಲ ಜಾಗವಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾನೂನು, 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ ಇವು ಹಂತಹಂತವಾಗಿ ಅವರ ಹಕ್ಕನ್ನು ಗಟ್ಟಿ ಮಾಡಿದವು. ಇಂದು ಒಂದು ಹಳೆಯ ಮನೆಗೆ ಹತ್ತು ಹದಿನೈದು ಮಂದಿ ಹಕ್ಕುದಾರರು ಇರುವುದು ಅಪರೂಪವಲ್ಲ. ಅವರಲ್ಲಿ ಒಬ್ಬರು ಊರಿನಲ್ಲಿ, ಉಳಿದವರು ಬೆಂಗಳೂರಿನಲ್ಲಿ, ವಿದೇಶದಲ್ಲಿ. ದುರಸ್ತಿ ಮಾಡಿಸಬೇಕಾದವರು ಯಾರು, ಖರ್ಚು ಯಾರದು, ಮಾಡಿಸಿದ ಮೇಲೆ ಅದು ಯಾರಿಗೆ ಸೇರಬೇಕು? ಇದು ತೀರ್ಮಾನವಾಗುವುದರೊಳಗೆ ಒಂದು ಮಳೆಗಾಲ ಕಳೆಯುತ್ತದೆ. ಒಡೆದ ಒಂದು ಹೆಂಚಿನಿಂದ ಇಳಿದ ನೀರು ತೊಲೆಯ ತುದಿಯನ್ನು ಕೊಳೆಸುತ್ತದೆ. ಹಳೆಯ ಮನೆಗಳು ಹೆಚ್ಚಾಗಿ ಬೀಳುವುದು ಮುಪ್ಪಿನಿಂದಲ್ಲ, ಮಾತು ಮುಗಿಯದಿರುವುದರಿಂದ.

ಗೋಡೆಯ ಚಿತ್ತಾರ, ಸಿಮೆಂಟಿನ ಗಿಲಾವು

ಸಾಗರ, ಹೊಸನಗರದ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಸಂಪ್ರದಾಯವಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಮದುವೆಗೆ, ಹಬ್ಬಕ್ಕೆ ಮನೆಯ ಹೆಂಗಸರು ಇದನ್ನು ಬರೆಯುತ್ತಾರೆ. ಬಣ್ಣ ಹಚ್ಚಿದ ನುಣುಪಾದ ಸಿಮೆಂಟು ಗೋಡೆಗೆ ಈ ಮಣ್ಣಿನ ಬಣ್ಣ ಒಗ್ಗುವುದಿಲ್ಲ. ಆದ್ದರಿಂದ ಹಲವೆಡೆ ಚಿತ್ತಾರ ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ ಇಳಿದಿದೆ. ಕಲೆ ಉಳಿದಿದೆ, ಗೋಡೆ ಹೋಗಿದೆ.

ಸಿಮೆಂಟಿನಿಂದ ಇನ್ನೊಂದು ತೊಂದರೆಯೂ ಉಂಟು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿಕೊಂಡು ಬಿಸಿಲಿನಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಮಾಡಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಕೆಲವು ವರ್ಷಗಳಲ್ಲಿ ಗಿಲಾವು ಹೊಪ್ಪಳಿಕೆಯಾಗಿ ಏಳುತ್ತದೆ, ಗೋಡೆಯಲ್ಲಿ ಹೂತ ಮರಕ್ಕೆ ಗೆದ್ದಲು ಬರುತ್ತದೆ. ಸುಣ್ಣ, ಮಣ್ಣಿನ ಗಿಲಾವು ಮಾಡಬಲ್ಲ ಕೆಲಸಗಾರರು ಇನ್ನೂ ಅಲ್ಲಲ್ಲಿ ಇದ್ದಾರೆ, ಹುಡುಕಬೇಕು. ಮಾಡು ಇಳಿಸಿ ಕಾಂಕ್ರೀಟು ಹಾಕಿಸಿದವರು ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆ ತಗಡಿನ ಇಳಿಜಾರು ಮಾಡು ಕಟ್ಟಿಸುವುದನ್ನು ನೀವು ಈ ತಾಲ್ಲೂಕುಗಳ ಯಾವ ರಸ್ತೆಯಲ್ಲೂ ನೋಡಬಹುದು. ಕೊನೆಗೂ ಮಳೆಯ ಮಾತೇ ನಡೆಯಿತು.

ಎರಡು ಉದಾಹರಣೆಗಳು

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ‘ಕವಿಮನೆ’ ನಿಮಗೆ ಗೊತ್ತಿರುವುದೇ. 1904ರಲ್ಲಿ ಹುಟ್ಟಿದ ಕುವೆಂಪು ಬೆಳೆದ ಮೂರು ಅಂತಸ್ತಿನ ಪೂರ್ವಿಕರ ಮನೆ ಇದು. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದನ್ನು ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಅಲ್ಲಿಗೆ ಹೋದಾಗ ಕವಿಯ ಪುಸ್ತಕ, ಭಾವಚಿತ್ರಗಳನ್ನು ನೋಡಿ ಹೊರಟುಬಿಡಬೇಡಿ. ಕಂಬ, ಮುಚ್ಚಿಗೆ, ನಡು ಅಂಗಳ, ಅಡುಗೆಮನೆಯ ಸಾಮಾನುಗಳನ್ನೂ ನೋಡಿ. ಕೂಡುಕುಟುಂಬವೊಂದು ಹೇಗೆ ಬಾಳಿತೆಂಬುದು ಅಲ್ಲಿ ಕಾಣುತ್ತದೆ.

ಎರಡನೆಯದು ಆಗುಂಬೆಯ ‘ದೊಡ್ಡಮನೆ’. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಎಂದು ಚಿತ್ರೀಕರಿಸಿದಾಗ ಈ ಮನೆ ದೇಶದ ಮನೆಮನೆಯಲ್ಲೂ ಕಂಡಿತು. ಇದು ವಸ್ತುಸಂಗ್ರಹಾಲಯವಲ್ಲ, ವಾಸದ ಮನೆಯಾಗಿ ಉಳಿದದ್ದು. ಒಂದನ್ನು ಸಂಸ್ಥೆ ಕಾಪಾಡಿತು, ಇನ್ನೊಂದನ್ನು ದಿನನಿತ್ಯದ ಬಳಕೆ ಕಾಪಾಡಿತು. ಎಲ್ಲ ಮನೆಗೂ ಕವಿ ಸಿಗುವುದಿಲ್ಲ. ಆದ್ದರಿಂದ ಎರಡನೆಯ ದಾರಿಯೇ ಹೆಚ್ಚಿನ ಮನೆಗಳಿಗೆ ಉಳಿದಿರುವ ದಾರಿ: ಇದ್ದುಕೊಂಡು, ಬಳಸಿಕೊಂಡು, ಬೇಕಾದಷ್ಟು ಬದಲಿಸಿಕೊಂಡು ಉಳಿಸುವುದು.

ಕಾನೂನಿನ ಆಸರೆ ಇಲ್ಲವೆ ಎಂದು ನೀವು ಕೇಳಬಹುದು. ಇಕ್ಕೇರಿ, ಕೆಳದಿಯ ದೇವಾಲಯಗಳು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳು. 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬೇಕು. ಆದರೆ ಇದು ಸ್ಮಾರಕವನ್ನು ಕಾಯುವ ಕಾನೂನು. ಊರೊಳಗಿನ ಸಾಮಾನ್ಯ ಹಳೆಯ ಮನೆಯನ್ನು ಕಾಯುವವರು ಅದರಲ್ಲಿ ಇರುವವರೇ.

ದುರಸ್ತಿಗೆ ಮುನ್ನ

ಹಾಗಾದರೆ ಹಳೆಯದೆಲ್ಲವನ್ನೂ ಹಾಗೆಯೇ ಇಡಬೇಕೆ? ಖಂಡಿತ ಬೇಡ. ಬೆಳಕಿಲ್ಲದ, ಹೊಗೆ ತುಂಬಿದ ಅಡುಗೆಮನೆಯಲ್ಲಿ ನಮ್ಮ ಅಜ್ಜಿ, ತಾಯಂದಿರ ಕಣ್ಣು ಹಾಳಾದವು. ಅಲ್ಲಿ ಕಿಟಕಿ ಒಡೆಯುವುದು ಚರಿತ್ರೆಗೆ ಅಪಚಾರವಲ್ಲ. ಶೌಚಾಲಯ ಬೇಕು, ಮುದುಕರಿಗೆ ಎತ್ತರ ಕಡಿಮೆಯ ಮೆಟ್ಟಿಲು ಬೇಕು. ಕೆಲಸಕ್ಕೆ ಬಂದವರನ್ನು ದೂರ ನಿಲ್ಲಿಸಲೆಂದೇ ಮಾಡಿದ ಏರ್ಪಾಡು ಹೋಗಲೇಬೇಕು. ಆದರೆ ತೆಗೆಯುವ ಮುನ್ನ ಬರೆದಿಡಬೇಕು. ಅನ್ಯಾಯದ ಗುರುತನ್ನು ಬರೆಯದೆ ಅಳಿಸಿದರೆ ಅನ್ಯಾಯ ನಡೆದೇ ಇಲ್ಲವೆಂದು ಮುಂದಿನವರು ತಿಳಿಯುತ್ತಾರೆ.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ದುರಸ್ತಿಯ ಮಾತು ಬಂದಾಗ ಈ ಕೆಲಸಗಳನ್ನು ನೀವು ಮಾಡಬಹುದು. ಟೇಪು ಹಿಡಿದು ಇಡೀ ಮನೆಯ ನಕ್ಷೆ ಬರೆಯಿರಿ. ಯಾವ ಭಾಗ ಮೊದಲು, ಯಾವುದು ಆಮೇಲೆ ಎಂದು ಹಿರಿಯರನ್ನು ಕೇಳಿ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಅವರಿಗೆ ಇಸವಿ ನೆನಪಿರದಿದ್ದರೆ “ದೊಡ್ಡತ್ತೆಯ ಮದುವೆಗೆ ಮುಂಚೆಯೋ, ಆಮೇಲೋ? ಡ್ಯಾಮಿಗೆ ಮುಂಚೆಯೋ, ಆಮೇಲೋ?” ಎಂದು ಕೇಳಿ, ಉತ್ತರ ಬರುತ್ತದೆ. ಪ್ರತಿ ಕೋಣೆಯ ಹೆಸರನ್ನು ಮನೆಯವರು ಹೇಳುವ ಮಾತಿನಲ್ಲೇ ಬರೆದುಕೊಳ್ಳಿ. ಕೋಣೆ ಹೋದರೆ ಹೆಸರೂ ಹೋಗುತ್ತದೆ. ಬಿಚ್ಚುವ ಮುನ್ನ ಪ್ರತಿ ಮರಕ್ಕೂ ಅಂಕಿ ಹಾಕಿ ಚಿತ್ರ ತೆಗೆಯಿರಿ. ಕಟ್ಟಿದ ಬಡಗಿ, ಗಾರೆಯವರ ಹೆಸರು ಯಾರಿಗಾದರೂ ನೆನಪಿದ್ದರೆ ಅದನ್ನೂ ಬರೆಯಿರಿ. ಮನೆಯ ಯಜಮಾನರ ಹೆಸರು ಪಹಣಿಯಲ್ಲಿ ಸಿಗುತ್ತದೆ, ಕಟ್ಟಿದವರದು ಎಲ್ಲಿಯೂ ಸಿಗುವುದಿಲ್ಲ.

ಮುಖ್ಯವಾಗಿ ಅಟ್ಟವನ್ನು ಅವಸರದಲ್ಲಿ ಖಾಲಿ ಮಾಡಿಸಬೇಡಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂದು ಕಾಣುವ ಓಲೆಗರಿ, ಹಳೆಯ ಕಡತಗಳಲ್ಲಿ ಹಲವನ್ನು ಕೆಳದಿ ಗುಂಡಾ ಜೋಯಿಸರು ಮನೆಮನೆ ಅಲೆದು ಸಂಗ್ರಹಿಸಿದರು. ಆ ಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದೆ. ಒಂದು ಸೀಮೆಯ ಚರಿತ್ರೆ ಹೀಗೆ ಅಟ್ಟಗಳಿಂದ ಇಳಿದು ಬಂತು. ನಿಮ್ಮ ಅಟ್ಟದಲ್ಲಿರುವುದು ಗೇಣಿ ಚೀಟಿಯೋ, ಮುಳುಗಡೆಯ ನೋಟೀಸೋ, ಪಾಲುಪಟ್ಟಿಯೋ, ಯಾರಿಗೆ ಗೊತ್ತು? ಓದಲು ಬಾರದಿದ್ದರೆ ಎಸೆಯಬೇಡಿ, ಬಲ್ಲವರಿಗೆ ತೋರಿಸಿ.

ಹೊಸ ಕೋಣೆಯನ್ನು ಧಾರಾಳವಾಗಿ ಸೇರಿಸಿಕೊಳ್ಳಿ. ಅದು ಹಳೆಯದರಂತೆ ವೇಷ ಹಾಕಬೇಕಾಗಿಲ್ಲ. ಹಳೆಯ ತೊಲೆಗೆ, ಮಾಡಿನ ನೀರು ಇಳಿಯುವ ದಾರಿಗೆ ತೊಂದರೆ ಮಾಡದಿದ್ದರೆ ಸಾಕು. ಅದರ ಒಂದು ಮೂಲೆಯಲ್ಲಿ ಕಟ್ಟಿದ ಇಸವಿಯನ್ನೂ, ಕಟ್ಟಿದವರ ಹೆಸರನ್ನೂ ಬರೆಸಿಬಿಡಿ. ನಮ್ಮ ಹಿರಿಯರು ಮಾಡದೆ ಹೋದ ಕೆಲಸ ಅದೊಂದೇ.